ಅಪ್ಪನ ಜನತಾ ವಾಚು: ನಾನೇ ಬಿಚ್ಚಲಾ, ಅಂಗಡಿಗೆ ಕೊಡಲಾ?

ಕಾಪು ಲೈಟ್‌ಹೌಸ್

ಎಲ್ಲರಿಗೂ ನಮಸ್ಕಾರ. ಮನೆಗೆ ಬಣ್ಣ ಬಳಿಸಲು ಕಪಾಟು ಖಾಲಿ ಮಾಡುವಾಗ ಅಪ್ಪನ ಪಂಚೆಗಳ ಅಡಿಯಲ್ಲಿ ಒಂದು ಸ್ಟೀಲ್ ಡಬ್ಬಿ ಸಿಕ್ಕಿತು. ಒಳಗೆ ಅವರ ಎಚ್‌ಎಂಟಿ ಜನತಾ. ಅಪ್ಪ ಉಡುಪಿ–ಮಂಗಳೂರು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಈ ರೂಟಿನ ಟೈಮಿಂಗ್ ಜಗಳ ನಿಮಗೆ ಗೊತ್ತೇ ಉಂಟು. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವರು ಬಿಡುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಗೆ ಮುಂಚೆ ಬರುವ ಪೀಂ ಪೀಂ ಕೇಳಿ ಮುಳ್ಳು ಸರಿ ಮಾಡಿ, ಕೀ ಕೊಟ್ಟು, ಆಮೇಲೆಯೇ ಚಹಾ ಕುಡಿಯುತ್ತಿದ್ದರು.

ಅವರು ಹೋಗಿ 11 ವರ್ಷ ಆಯ್ತು. ವಾಚಿಗೆ ಕೀ ಕೊಟ್ಟರೆ ಅರ್ಧ ನಿಮಿಷ ಓಡಿ ನಿಲ್ಲುತ್ತದೆ. ಅಲುಗಾಡಿಸಿದರೆ ಇನ್ನೊಂದು ಹತ್ತು ಸೆಕೆಂಡು. ಡಯಲ್‌ನಲ್ಲಿ 4ರಿಂದ 6ರವರೆಗೆ ಕಂದು ಕಲೆ. ಗಾಜು ಪೂರಾ ಮಬ್ಬು.

ಒಂದು ಅಂಗಡಿಗೆ ತೋರಿಸಿದೆ. "ಬೇರೆ ಮೆಷಿನ್ ಹಾಕಿ, ಹೊಸ ಡಯಲ್ ಕೂರಿಸಿ ಕೊಡುತ್ತೇನೆ" ಎಂದರು. ಮೆಷಿನೂ ಬೇರೆ, ಡಯಲೂ ಬೇರೆ ಆದರೆ ಅಪ್ಪನ ವಾಚು ಎಲ್ಲಿ ಉಳಿಯಿತು? ವಾಪಸ್ ತಂದೆ. ಈಗ ನಾನೇ ಕಲಿತು ಮಾಡಬೇಕೆಂದು ಆಸೆ. ಕೈ ನಡುಕ ಇಲ್ಲ, ತಾಳ್ಮೆ ಉಂಟು. ಎಲ್ಲಿಂದ ಶುರು ಮಾಡಲಿ?

ಜನತಾಪ್ರಿಯ

ಕಲಿಯಿರಿ, ಖಂಡಿತ. ಆದರೆ ನೀವು ಬಿಚ್ಚುವ ಮೊದಲ ವಾಚು ಅಪ್ಪನ ವಾಚು ಆಗಬಾರದು.

ಬಂದರ್ ಹುಡುಗ

ಎಂತ ಮಾರಾಯ್ರೆ, ಇಷ್ಟಕ್ಕೆಲ್ಲ ತಲೆಬಿಸಿ ಯಾಕೆ? ಹಿಂದಿನ ಮುಚ್ಚಳ ತೆಗೆದು ಎರಡು ಹನಿ ಹೊಲಿಗೆ ಮೆಷಿನ್ನಿನ ಎಣ್ಣೆ ಬಿಡಿ. ಓಡುತ್ತದೆ.

ಪೆಟ್ರೋಲ್ ಬಟ್ಟಲು

ಅಯ್ಯೋ ಬೇಡ. ಎರಡು ಹನಿ ಬಿಟ್ಟರೆ ಒಂದು ವಾರ ಓಡುತ್ತದೆ, ಆಮೇಲೆ ಶಾಶ್ವತವಾಗಿ ನಿಲ್ಲುತ್ತದೆ. ನಾನು ಮಂಗಳೂರಿನ ಹಂಪನಕಟ್ಟೆ ಹತ್ತಿರ ನನ್ನ ಮಾವನ ವಾಚ್ ಅಂಗಡಿಯಲ್ಲಿ 6 ವರ್ಷ ಕೂತವನು. ಅಂಗಡಿ ಈಗ ಇಲ್ಲ, ಅವರ ಸಾಮಾನು ಮಾತ್ರ ನನ್ನ ಹತ್ತಿರ ಉಂಟು. ಗೊತ್ತಿದ್ದದ್ದನ್ನು ಹೇಳುತ್ತೇನೆ.

ಜನತಾದ ಬ್ಯಾಲೆನ್ಸ್ ಚಕ್ರ, ಅಂದರೆ ಅತ್ತಿತ್ತ ತಿರುಗಿ ಲಯ ಹಿಡಿಯುವ ಚಕ್ರ, ಗಂಟೆಗೆ 18,000 ಸಲ ಬಡಿಯುತ್ತದೆ. ಅಂದರೆ ಸೆಕೆಂಡಿಗೆ 5, ದಿನಕ್ಕೆ 4,32,000. ಇಷ್ಟು ಕೆಲಸ ಮಾಡುವ ಚಕ್ರದ ಅಚ್ಚಿನ ತುದಿ ಕೂದಲೆಳೆಯಷ್ಟು ಸಪೂರ. ಅದಕ್ಕೆ ಬೇಕಾಗುವ ಎಣ್ಣೆ ಕಣ್ಣಿಗೆ ಕಾಣದಷ್ಟು. ನೀವು ಹೇಳಿದ ಲಕ್ಷಣ ನೋಡಿದರೆ ಹಳೇ ಎಣ್ಣೆ ಒಣಗಿ ಅಂಟಾಗಿದೆ. ಅದರ ಮೇಲೆ ಹೊಸ ಎಣ್ಣೆ ಬಿಟ್ಟರೆ ಅಂಟಿಗೆ ಧೂಳು ಸೇರಿ ಅರೆಯುವ ಮಣ್ಣಾಗುತ್ತದೆ. ಆ ಎಣ್ಣೆ ಹರಿದು ಹೇರ್‌ಸ್ಪ್ರಿಂಗ್‌ಗೆ, ಅಂದರೆ ಬ್ಯಾಲೆನ್ಸಿನ ಸಪೂರ ಸುರುಳಿ ಸ್ಪ್ರಿಂಗಿಗೆ, ಹತ್ತಿದರೆ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ, ವಾಚು ಹುಚ್ಚಾಪಟ್ಟೆ ಮುಂದೆ ಓಡುತ್ತದೆ.

ಪೂರ್ತಿ ಬಿಚ್ಚಿ, ತೊಳೆದು, ಒಣಗಿಸಿ, ಬೇಕಾದ ಜಾಗಕ್ಕೆ ಮಾತ್ರ ಎಣ್ಣೆ ಕೊಡಬೇಕು. ಅದಕ್ಕೇ ಸರ್ವಿಸ್ ಅನ್ನುವುದು.

ಮೊದಲು ಹಾಳಾದ ಒಂದು ಎಚ್‌ಎಂಟಿ ಮೆಷಿನ್ ತೆಗೆದುಕೊಳ್ಳಿ. ನಿಮ್ಮದರ ಮೆಷಿನ್ ಮೇಲೆ ಇರುವ ನಂಬರೇ ಅದರಲ್ಲೂ ಇರಲಿ. ಬಿಚ್ಚಿ, ಜೋಡಿಸಿ. ಹತ್ತು ಸಲ ಮಾಡಿ. ಹತ್ತನೇ ಸಲಕ್ಕೆ ಬೆರಳಿಗೇ ದಾರಿ ಗೊತ್ತಾಗುತ್ತದೆ.

ಒಂದು ಮಾತು ಮರೆಯಬೇಡಿ. ಒಂದು ತಿರುಪು ತೆಗೆಯುವುದಕ್ಕೂ ಮುಂಚೆ, ಕೀ ಕೊಟ್ಟಾಗ ಸುತ್ತಿಕೊಳ್ಳುವ ದೊಡ್ಡ ಸ್ಪ್ರಿಂಗಿನ ಬಲ ಇಳಿಸಬೇಕು. ಕೀಯನ್ನು ಎರಡು ಬೆರಳಲ್ಲಿ ಗಟ್ಟಿ ಹಿಡಿದು, ಕ್ಲಿಕ್ ಅನ್ನು (ಸ್ಪ್ರಿಂಗ್ ಹಿಂದೆ ತಿರುಗದಂತೆ ತಡೆಯುವ ಕೊಕ್ಕೆ) ಚಿಮಟದಿಂದ ಪಕ್ಕಕ್ಕೆ ಸರಿಸಿ, ಕೀ ಬೆರಳ ನಡುವೆ ಮೆಲ್ಲ ಜಾರಿಕೊಂಡು ಹಿಂದೆ ತಿರುಗಲು ಬಿಡಿ. ಚಕ್ರವನ್ನು ಒಂದೊಂದೇ ಹಲ್ಲು ಬಿಡುವ ಸಣ್ಣ ಕವಲಿಗೆ ಪ್ಯಾಲೆಟ್ ಎನ್ನುತ್ತಾರೆ, ಅದನ್ನು ಹಿಡಿದಿಡುವ ಪಟ್ಟಿಯೇ ಬ್ರಿಜ್. ಬಲ ಇಳಿಸದೆ ಪ್ಯಾಲೆಟ್ ಬ್ರಿಜ್ ತೆಗೆದರೆ ಚಕ್ರಗಳೆಲ್ಲ ಝರ್ ಎಂದು ಒಮ್ಮೆಲೇ ಬಿಚ್ಚಿಕೊಳ್ಳುತ್ತವೆ. ಹಲ್ಲು ಹೋಗಬಹುದು, ಅಚ್ಚು ಮುರಿಯಬಹುದು. ನನ್ನ ಕೈಯಲ್ಲಿ ಒಮ್ಮೆ ಹಾಗಾಗಿ, ಮಾವ ಮೂರು ದಿನ ಮಾತಾಡಲಿಲ್ಲ.

ಕಾಪು ಲೈಟ್‌ಹೌಸ್

ತುಂಬಾ ಉಪಕಾರ ಅಣ್ಣ. ತೊಳೆಯುವುದು ಯಾವುದರಲ್ಲಿ?

ಸುರತ್ಕಲ್ ತೆರೆ

ನಾನು ಎಲ್ಲವನ್ನೂ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಾಕಿ ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಫಳಫಳ.

ಮಣಿಪಾಲ ಲ್ಯಾಬ್

ಎಲ್ಲವನ್ನೂ ಅಂದರೆ ಪ್ಯಾಲೆಟ್ ಮತ್ತು ಬ್ಯಾಲೆನ್ಸ್ ಕೂಡ? ದಯವಿಟ್ಟು ನಿಲ್ಲಿಸಿ. ಪ್ಯಾಲೆಟ್‌ನ ಎರಡು ಕೆಂಪು ಕಲ್ಲು ಕೂತಿರುವುದು ಅರಗಿನಲ್ಲಿ. ಬ್ಯಾಲೆನ್ಸ್ ಅಡಿಯಲ್ಲಿರುವ ಸಣ್ಣ ಕಲ್ಲೂ ಸಾಮಾನ್ಯವಾಗಿ ಹಾಗೆಯೇ. ಅರಗು ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ನಮ್ಮ ಬಡಗಿಗಳು ಫ್ರೆಂಚ್ ಪಾಲಿಶ್ ಮಾಡಲು ಅರಗನ್ನು ಸ್ಪಿರಿಟ್ಟಿನಲ್ಲಿ ನೆನೆಸುತ್ತಾರಲ್ಲ, ಅದೇ ಕತೆ. ರಾತ್ರಿಯಿಡೀ ಬಿಟ್ಟರೆ ಕಲ್ಲು ಸಡಿಲವಾಗುತ್ತದೆ ಅಥವಾ ಬಟ್ಟಲಿನ ತಳದಲ್ಲಿ ಸಿಗುತ್ತದೆ.

ಇವೆರಡನ್ನು ನ್ಯಾಫ್ತಾದಲ್ಲಿ, ಅಂದರೆ ಲೈಟರಿಗೆ ತುಂಬುವ ದ್ರವದಲ್ಲಿ ತೊಳೆಯಿರಿ. ಉಳಿದ ಚಕ್ರ, ಪ್ಲೇಟು, ಬ್ರಿಜ್ಜುಗಳಿಗೆ ಕೊನೆಯ ಸಲ ತೊಳೆಯಲು ಆಲ್ಕೋಹಾಲ್ ಆಗಬಹುದು.

ಪೆಟ್ರೋಲ್ ಬಟ್ಟಲು

ನಾವು ಎಲ್ಲಕ್ಕೂ ಪಂಪಿನ ಪೆಟ್ರೋಲೇ ಬಳಸಿದ್ದು. ಒಂದು ಕಲ್ಲೂ ಬಿದ್ದಿಲ್ಲ.

ಮಣಿಪಾಲ ಲ್ಯಾಬ್

ನಿಮ್ಮ ಮಾವನ ಕಾಲದ ಪೆಟ್ರೋಲ್ ಬೇರೆ ಅಣ್ಣ. ಈಗ ಪಂಪಿನಲ್ಲಿ ಸಿಗುವುದು ಶೇ. 20ರಷ್ಟು ಎಥನಾಲ್ ಬೆರೆಸಿದ್ದು. ಎಥನಾಲ್ ಕೂಡ ಆಲ್ಕೋಹಾಲೇ ಅಲ್ವಾ?

ಪೆಟ್ರೋಲ್ ಬಟ್ಟಲು

ಹೌದಲ್ಲ! ಇದು ನನಗೆ ಹೊಳೆದೇ ಇರಲಿಲ್ಲ. ಈಚೆಗೆ ಒಂದು ಪ್ಯಾಲೆಟ್ ಕಲ್ಲು ಅಲುಗಾಡಿತು, ಹಳೆಯದಾಗಿದೆ ಎಂದುಕೊಂಡಿದ್ದೆ. ನಾಳೆಯಿಂದ ನ್ಯಾಫ್ತಾ. ಯಾವುದೇ ಇರಲಿ, ಕಿಟಕಿ ತೆರೆದಿಡಿ, ದೇವರ ದೀಪ ಉರಿಯುವ ಕೋಣೆಯಲ್ಲಿ ಮಾತ್ರ ಮಾಡಬೇಡಿ.

ಕುಂದಾಪ್ರ ಕಡಲು

ಎಣ್ಣೆ ವಿಷಯದಲ್ಲಿ ನನ್ನದೂ ಒಂದು ಕತೆ. ದೊಡ್ಡಪ್ಪನ ಫೇವ್ರ್ ಲ್ಯೂಬಾ ಸೀ ಚೀಫ್ ಬಿಚ್ಚಿದಾಗ ಒಳಗೆಲ್ಲ ಹಸಿರು ಹಸಿರು ಪಾಚಿಯ ಹಾಗೆ. ಮೂಸಿ ನೋಡಿದರೆ ಕಮಟು ತೆಂಗಿನೆಣ್ಣೆ! ಮನೆಯಲ್ಲಿ ಇರುವುದು ಅದೇ ಎಣ್ಣೆ, ಯಾರೋ ಪ್ರೀತಿಯಿಂದ ಬಿಟ್ಟಿದ್ದಾರೆ. ಹಲ್ಲುಕಡ್ಡಿ ಚೂಪು ಮಾಡಿ ಒಂದೊಂದೇ ಕಲ್ಲಿನ ತೂತಿನಲ್ಲಿ ತಿರುಗಿಸಿ ತೆಗೆದೆ. ಮೂರು ಸಂಜೆ ಹಿಡಿಯಿತು.

ಮಣಿಪಾಲ ಲ್ಯಾಬ್

ಹೊಸಬರಿಗೆ ಮೂರು ಎಣ್ಣೆ ಸಾಕು. ಬ್ಯಾಲೆನ್ಸ್ ಮತ್ತು ವೇಗದ ಚಕ್ರಗಳಿಗೆ ತೆಳುವಾದದ್ದು, ಹೆಚ್ಚಿನವರು ಮೋಬಿಯಸ್ ಕಂಪನಿಯ 9010 ಬಳಸುತ್ತಾರೆ. ನಿಧಾನ ತಿರುಗುವ ನಡುಚಕ್ರ, ಸ್ಪ್ರಿಂಗ್ ಡ್ರಮ್ಮಿಗೆ ದಪ್ಪ ಎಣ್ಣೆ. ಕೀಯ ಭಾಗಗಳಿಗೆ ಗ್ರೀಸ್. ಪ್ಯಾಲೆಟ್ ಕಲ್ಲಿನ ಮುಖಕ್ಕೆ ಅದೇ ಕಂಪನಿಯ 9415 ಇದ್ದರೆ ಒಳ್ಳೆಯದು. ಸಣ್ಣ ಬಾಟಲಿಗೂ ರೇಟು ಜಾಸ್ತಿ, ಆದರೆ ವರ್ಷಗಟ್ಟಲೆ ಬರುತ್ತದೆ. ಪ್ಯಾಲೆಟ್‌ನ ಅಚ್ಚಿಗೆ ಎಣ್ಣೆ ಹಾಕುವುದಿಲ್ಲ. ಹೇರ್‌ಸ್ಪ್ರಿಂಗ್‌ಗೆ ಯಾವತ್ತೂ ಇಲ್ಲ.

ಸುರತ್ಕಲ್ ತೆರೆ

ಸರಿ, ಆಲ್ಕೋಹಾಲ್ ವಿಷಯ ಒಪ್ಪಿದೆ. ಆದರೆ ಡಯಲ್ ಬಗ್ಗೆ ಯಾರೂ ಹೇಳಲಿಲ್ಲ. ಅಷ್ಟು ಕಲೆ ಇರುವ ಡಯಲ್ ಇಟ್ಟುಕೊಂಡು ಎಂತ ಮಾಡುವುದು? ಹೊಸ ಡಯಲ್ ಸಿಗುತ್ತದೆ, ಹಾಕಿ ಕಟ್ಟಿಕೊಳ್ಳಿ. ವಾಚು ಇರುವುದು ಕೈಗೆ ಕಟ್ಟಲಿಕ್ಕೆ, ಡಬ್ಬಿಯಲ್ಲಿ ಇಡಲಿಕ್ಕಲ್ಲ.

ಜನತಾಪ್ರಿಯ

ಇದಕ್ಕೆ ನನ್ನ ಪೂರಾ ವಿರೋಧ ಉಂಟು. ಆನ್‌ಲೈನಿನಲ್ಲಿ ಕಿತ್ತಳೆ, ನೀಲಿ, ಗಿಳಿಹಸಿರು ಬಣ್ಣದ "ಜನತಾ"ಗಳು ರಾಶಿ ರಾಶಿ. ಅವುಗಳಲ್ಲಿ ಹೆಚ್ಚಿನವು ಕಾರ್ಖಾನೆ ಕಂಡ ಡಯಲ್‌ಗಳೇ ಅಲ್ಲ. ಹಳೇ ಡಯಲ್ ಉಜ್ಜಿ ಬಣ್ಣ ಹೊಡೆದು ಮೇಲೆ ಅಚ್ಚು ಹಾಕಿದ್ದು. ಭೂತಗನ್ನಡಿ ಹಿಡಿದರೆ ಅಕ್ಷರದ ಅಂಚು ಹರಡಿದ್ದು ಕಾಣುತ್ತದೆ, ನಿಮಿಷದ ಗೆರೆ ಅಂಕಿಯ ನೇರಕ್ಕೆ ಇರುವುದಿಲ್ಲ.

1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯಿತು. ಆರಂಭದ ಡಯಲ್‌ಗಳಲ್ಲಿ ಸಿಟಿಜನ್ ಹೆಸರೂ ಇರುತ್ತಿತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಇನ್ನು ಆ ಹಳೇ ಡಯಲ್‌ಗಳು ಹೊಸದಾಗಿ ಹುಟ್ಟುವುದಿಲ್ಲ. ಇದ್ದದ್ದನ್ನು ನಾವೇ ಉಜ್ಜಿ ಹಾಕಿದರೆ ಮುಗಿಯಿತು.

ಸುರತ್ಕಲ್ ತೆರೆ

ಮಾರುವವರು ಮೋಸ ಮಾಡುವುದು ತಪ್ಪು, ಒಪ್ಪುತ್ತೇನೆ. ಆದರೆ ಇವರು ಮಾರುತ್ತಿಲ್ಲವಲ್ಲ! ಅವರ ವಾಚು, ಅವರ ಇಷ್ಟ. ಹಳೇ ಡಯಲನ್ನು ಪ್ಲಾಸ್ಟಿಕ್ ಕವರಿನಲ್ಲಿ ತೆಗೆದಿಡಲಿ.

ಮೂಡುಬಿದಿರೆ ಟೀಚರ್

ಡಯಲ್ ತೊಳೆಯಬಹುದಾ? ನಾನು ಒಮ್ಮೆ ತೊಳೆದೆ, ಅದನ್ನು ಹೇಳುತ್ತೇನೆ. ಕಿವಿಗೆ ಹಾಕುವ ಬಡ್ಸ್ ಸ್ವಲ್ಪವೇ ಒದ್ದೆ ಮಾಡಿ ಮೆಲ್ಲ ಸವರಿದೆ. ಮೊದಲ ಸಲ ಕಂದು ಬಣ್ಣ ಬಂತು, ಖುಷಿ ಆಯ್ತು. ಎರಡನೇ ಸಲ ಹತ್ತಿಯ ಮೇಲೆ ಕಪ್ಪು ಕಪ್ಪು ಚುಕ್ಕೆ. ಏನೆಂದು ನೋಡಿದರೆ ವಾಚಿನ ಹೆಸರಿನ ಕೊನೆಯ ಎರಡು ಅಕ್ಷರ ಹತ್ತಿಗೆ ಅಂಟಿಕೊಂಡು ಬಂದಿದ್ದವು. ಆ ಬಡ್ಸ್ ಅನ್ನು ಇವತ್ತಿಗೂ ಬಿಸಾಡಲು ಮನಸ್ಸಾಗಿಲ್ಲ.

ಜನತಾಪ್ರಿಯ

ಅದೇ ಟೀಚರ್. ಡಯಲ್‌ನ ಮೇಲೆ ತೆಳು ವಾರ್ನಿಶ್ ಪದರ ಇರುತ್ತದೆ. ತೇವ ಒಳಗೆ ಹೋಗಿ ಅದು ಬಿಟ್ಟುಕೊಂಡಿದ್ದರೆ ಮೇಲಿನ ಅಕ್ಷರವೂ ಜೊತೆಗೇ ಬರುತ್ತದೆ. ಗಾಳಿ ಊದುವ ರಬ್ಬರ್ ಉಂಡೆಯಿಂದ ಧೂಳು ಹಾರಿಸುವುದು, ಅಷ್ಟೇ. ಕಾಪುವಿನವರೇ, ಗಾಜನ್ನು ಮಾತ್ರ ಧೈರ್ಯವಾಗಿ ಉಜ್ಜಿ. ಜನತಾದ ಗಾಜು ಅಕ್ರಿಲಿಕ್. ಕೇಸಿನಿಂದ ಡಯಲ್ ಹೊರಗೆ ತೆಗೆದ ಮೇಲೆ, ಮೆತ್ತನೆ ಬಟ್ಟೆಗೆ ಟೂತ್‌ಪೇಸ್ಟ್ ಹಚ್ಚಿ ಹತ್ತು ನಿಮಿಷ ತಿಕ್ಕಿದರೆ ಸಣ್ಣ ಗೀರುಗಳೆಲ್ಲ ಹೋಗುತ್ತವೆ.

ಬಂದರ್ ಹುಡುಗ

ನಮ್ಮ ಕಡೆ ಎಚ್‌ಎಂಟಿಗಿಂತ ಗಲ್ಫಿನ ವಾಚೇ ಜಾಸ್ತಿ. ಮಾಮ ದುಬೈಯಿಂದ ತಂದ ಸೈಕೊ 5 ಆಟೋಮ್ಯಾಟಿಕ್ ನನ್ನ ಹತ್ತಿರ ಉಂಟು, 7009 ಮೆಷಿನ್. ಈಗ ಒಂದು ತಿಂಗಳಿಂದ ದಿನಕ್ಕೆ 20 ನಿಮಿಷ ಮುಂದೆ! ಬಿಚ್ಚಬೇಕಾ?

ಪೆಟ್ರೋಲ್ ಬಟ್ಟಲು

ರಾತ್ರಿ ಎಲ್ಲಿ ಇಡುತ್ತೀರಿ?

ಬಂದರ್ ಹುಡುಗ

ಟಿವಿ ಸ್ಟ್ಯಾಂಡಿನಲ್ಲಿ, ಸ್ಪೀಕರ್ ಮೇಲೆ.

ಪೆಟ್ರೋಲ್ ಬಟ್ಟಲು

ಸಿಕ್ಕಿತು. ಸ್ಪೀಕರಿನಲ್ಲಿ ದೊಡ್ಡ ಅಯಸ್ಕಾಂತ ಇರುತ್ತದೆ. ಹೇರ್‌ಸ್ಪ್ರಿಂಗ್‌ಗೆ ಕಾಂತ ಹಿಡಿದು ಸುರುಳಿ ಸುರುಳಿಗೆ ಅಂಟಿದೆ. ಸ್ಪ್ರಿಂಗ್ ಗಿಡ್ಡವಾದ ಹಾಗೆ ಆಗುತ್ತದೆ, ವಾಚು ಮುಂದೆ ಓಡುತ್ತದೆ. ಮುಳ್ಳಿರುವ ನಿಜವಾದ ದಿಕ್ಸೂಚಿಯ ಹತ್ತಿರ ಹಿಡಿದು ನೋಡಿ, ಮುಳ್ಳು ಎಳೆದುಕೊಂಡರೆ ಅದೇ. ಕಾಂತ ತೆಗೆಯುವ ಸಣ್ಣ ಪೆಟ್ಟಿಗೆ ಕಡಿಮೆ ರೇಟಿಗೆ ಸಿಗುತ್ತದೆ. ಅರ್ಧ ನಿಮಿಷದ ಕೆಲಸ, ಬಿಚ್ಚುವುದೇ ಬೇಡ.

ಬಂದರ್ ಹುಡುಗ

ಮಗಳ ಸ್ಕೂಲ್ ಬ್ಯಾಗಿನಿಂದ ದಿಕ್ಸೂಚಿ ತಂದು ನೋಡಿದೆ. ಮುಳ್ಳು ಸೀದಾ ವಾಚಿನ ಕಡೆ ತಿರುಗಿತು! ಹೊಲಿಗೆ ಮೆಷಿನ್ ಎಣ್ಣೆ ಮಾತನ್ನು ವಾಪಸ್ ತೆಗೆದುಕೊಂಡೆ ಮಾರಾಯ್ರೆ.

ಕುಂದಾಪ್ರ ಕಡಲು

ನನ್ನ ಹತ್ತಿರ ಅಜ್ಜನ ವೆಸ್ಟ್ ಎಂಡ್ ಸೋವರ್ ವಾಚು ಕೂಡ ಉಂಟು. ಸ್ವಾತಂತ್ರ್ಯಕ್ಕಿಂತ ಮುಂಚಿನದ್ದು. ಅಂಕಿಗಳ ಮೇಲಿನ ಹೊಳೆಯುವ ಬಣ್ಣ ಕಂದಾಗಿ ಉದುರುತ್ತಿದೆ. ಕತ್ತಲಲ್ಲಿ ಹೊಳೆಯುವುದೂ ಇಲ್ಲ. ಕೆರೆದು ತೆಗೆದು ಹೊಸ ಬಣ್ಣ ತುಂಬಲಾ?

ಮಣಿಪಾಲ ಲ್ಯಾಬ್

ಕೆರೆಯಲೇಬೇಡಿ! ಆ ಕಾಲದ ಹೊಳೆಯುವ ಬಣ್ಣ ರೇಡಿಯಂ ಇರಬಹುದು. ಹೊಳೆಯುವುದು ನಿಂತದ್ದು ಜೊತೆಗೆ ಬೆರೆಸಿದ ಸತುವಿನ ಸಲ್ಫೈಡ್ ಸುಟ್ಟುಹೋದದ್ದಕ್ಕೆ, ರೇಡಿಯಂ ಮುಗಿದದ್ದಕ್ಕಲ್ಲ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಗಾಜಿನೊಳಗೆ ಮುಚ್ಚಿದ್ದರೆ ಅಷ್ಟು ಹೆದರಿಕೆ ಇಲ್ಲ. ಕೆರೆದಾಗ ಏಳುವ ಪುಡಿ ಉಸಿರಿನಲ್ಲಿ ಒಳಗೆ ಹೋಗುವುದೇ ಅಪಾಯ. ಈಗಲೇ ಉದುರುತ್ತಿದೆ ಅಂದರೆ ಮುಚ್ಚಳ ತೆರೆಯಬೇಡಿ. ಜಿಪ್ ಕವರಿನಲ್ಲಿ ಹಾಕಿ, ಮಕ್ಕಳ ಕೈಗೆ ಸಿಗದ ಹಾಗೆ, ಮಲಗುವ ಕೋಣೆಯಿಂದ ದೂರ ಇಡಿ.

ಕುಂದಾಪ್ರ ಕಡಲು

ಎದೆ ಝಲ್ ಅಂತು. ಮೊನ್ನೆ ಬ್ಲೇಡ್ ಕೈಯಲ್ಲಿ ಹಿಡಿದು ಕೂತಿದ್ದೆ. ಕರೆಂಟ್ ಹೋಯಿತೆಂದು ಎದ್ದೆ.

ಮೂಡುಬಿದಿರೆ ಟೀಚರ್

ವಿಷಯ ಸ್ವಲ್ಪ ಬೇರೆ. ನಮ್ಮ ತವರಿನ ಗೋಡೆ ಗಡಿಯಾರ, ಪೆಂಡುಲಂನದ್ದು. ಬಣ್ಣ ಹೊಡೆಸಿ ಮತ್ತೆ ತೂಗುಹಾಕಿದ ಮೇಲೆ ಹತ್ತು ನಿಮಿಷಕ್ಕೆ ನಿಲ್ಲುತ್ತಿದೆ. ಮಟ್ಟದ ಕೋಲು ಇಟ್ಟು ಸರಿಯಾಗಿ ನೇರ ಮಾಡಿದ್ದೇವೆ.

ಪೆಟ್ರೋಲ್ ಬಟ್ಟಲು

ಕಣ್ಣಿಗೆ ನೇರ ಆದರೆ ಸಾಲದು ಟೀಚರ್, ಕಿವಿಗೆ ಸಮ ಆಗಬೇಕು. ಟಿಕ್–ಟಾಕ್, ಟಿಕ್–ಟಾಕ್ ಎರಡೂ ನಡುವೆ ಒಂದೇ ಅಂತರ ಇರಬೇಕು. ಕುಂಟಿದ ಹಾಗೆ ಕೇಳಿದರೆ ಕೆಳಭಾಗವನ್ನು ಎಡಕ್ಕೋ ಬಲಕ್ಕೋ ನೂಲಿನಷ್ಟು ಸರಿಸಿ. ಸಮ ಕೇಳಿದಲ್ಲಿ ಗೋಡೆಗೆ ಪೆನ್ಸಿಲ್ ಗುರುತು ಹಾಕಿ.

ಮೂಡುಬಿದಿರೆ ಟೀಚರ್

ಅರ್ಧ ಬೆರಳು ಬಲಕ್ಕೆ ಸರಿಸಿದ್ದು, ಈಗ ರಾತ್ರಿ 9 ಹೊಡೆಯಿತು! ನಿಮ್ಮ ಮಾವನವರಿಗೂ ನಮಸ್ಕಾರ ತಿಳಿಸಿ.

ಸುರತ್ಕಲ್ ತೆರೆ

ಮಳೆಗಾಲದಲ್ಲಿ ವಾಚು ಹೇಗೆ ಇಡುತ್ತೀರಿ? ನಾನು ಅಕ್ಕಿ ಡಬ್ಬಿಯಲ್ಲಿ ಇಡುತ್ತಿದ್ದೆ.

ಮಣಿಪಾಲ ಲ್ಯಾಬ್

ಅಕ್ಕಿ ಬೇಡ, ಅದರ ಹಿಟ್ಟಿನ ಧೂಳು ಒಳಗೆ ಹೋಗುತ್ತದೆ. ಗಾಳಿಯಾಡದ ಡಬ್ಬಿ, ಬಣ್ಣ ಬದಲಾಯಿಸುವ ಸಿಲಿಕಾ ಜೆಲ್. ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಪ್ರತಿ ಹದಿನೈದು ದಿನಕ್ಕೆ ನೋಡುತ್ತೇನೆ. ನೀರು ಒಳಗೆ ಹೋಗಿಯೇ ಬಿಟ್ಟರೆ ಅದೇ ದಿನ ಮುಚ್ಚಳ ತೆಗೆಸಿ. ನಾಳೆ ಅಂದರೆ ತುಕ್ಕು.

ಕಾಪು ಲೈಟ್‌ಹೌಸ್

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ನೀವು ಹೇಳಿದ ಹಾಗೇ ಮಾಡಿದೆ. 450 ರೂಪಾಯಿಗೆ ಒಂದು ಕೆಟ್ಟ ಜನತಾ ಸಿಕ್ಕಿತು. ಅದನ್ನು 14 ಸಲ ಬಿಚ್ಚಿ ಜೋಡಿಸಿದೆ. ಬ್ಯಾಲೆನ್ಸ್ ಅಚ್ಚನ್ನು ಪೆಟ್ಟಿನಿಂದ ಕಾಯುವ ಪ್ಯಾರಾಶಾಕ್‌ನ ಸಣ್ಣ ಸ್ಪ್ರಿಂಗ್ ಎರಡು ಸಲ ಹಾರಿತು. ಒಮ್ಮೆ ನೆಲದಲ್ಲಿ ಬಿಳಿ ಬೆಡ್‌ಶೀಟ್ ಹಾಸಿ ಟಾರ್ಚ್ ಬಿಟ್ಟು ಹುಡುಕಿ ಸಿಕ್ಕಿತು. ಇನ್ನೊಮ್ಮೆ ಸಿಗಲೇ ಇಲ್ಲ. ಆಮೇಲಿಂದ ದೊಡ್ಡ ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಆ ಕೆಲಸ ಮಾಡುತ್ತೇನೆ.

ಆಮೇಲೆ ಅಪ್ಪನದ್ದು ತೆರೆದೆ. ಮುಚ್ಚಳದ ಒಳಬದಿಯಲ್ಲಿ ಸೂಜಿಯಿಂದ ಗೀಚಿದ ಹಾಗೆ ಮೂರು ಸಾಲು. 7-82. 3-86. 11-91. ಪ್ರತಿಯೊಂದರ ಪಕ್ಕ ಒಂದು ಸಣ್ಣ ಗುರುತು. ಇದು ಸರ್ವಿಸ್ ಮಾಡಿದವರು ಹಾಕಿದ್ದಲ್ವಾ?

ಡಯಲ್ ಹಾಗೇ ಇಟ್ಟೆ. ಕಲೆ ಇರಲಿ. ಅಪ್ಪನ ಬೆವರೋ, ಕಾಪುವಿನ ಮಳೆಯೋ, ಎರಡೂ ನಮ್ಮದೇ. ಮೊಬೈಲ್ ಆ್ಯಪ್‌ನಲ್ಲಿ ನೋಡಿದರೆ ಈಗ ದಿನಕ್ಕೆ 14 ಸೆಕೆಂಡು ಮುಂದೆ.

ಒಂದೇ ತೊಂದರೆ. ಗಂಟೆಗಟ್ಟಲೆ ಚೆನ್ನಾಗಿ ಓಡಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಮೊನ್ನೆ 1 ಗಂಟೆ 5 ನಿಮಿಷಕ್ಕೆ, ನಿನ್ನೆ 4 ಗಂಟೆ 22ಕ್ಕೆ. ಸ್ವಲ್ಪ ತಟ್ಟಿದರೆ ಮತ್ತೆ ಶುರು. ಮೆಷಿನ್ ಮತ್ತೆ ತೊಳೆಯಬೇಕಾ?

ಪೆಟ್ರೋಲ್ ಬಟ್ಟಲು

ಹೌದು, ಆ ಗೀಚು ಸರ್ವಿಸ್ ಗುರುತು. ಯಾವ ತಿಂಗಳು, ಯಾವ ವರ್ಷ, ಯಾರ ಕೈ ಎಂದು. ಮತ್ತೆ ಅದೇ ವಾಚು ಬಂದರೆ ಎಷ್ಟು ವರ್ಷ ಆಯ್ತೆಂದು ಗೊತ್ತಾಗಬೇಕಲ್ಲ. ನಿಲ್ಲುವುದಕ್ಕೆ ಚಕ್ರದ ಹಲ್ಲಿನಲ್ಲಿ ಕಸ ಇರಬಹುದು. ಟ್ರೇನ್, ಅಂದರೆ ಚಕ್ರಗಳ ಸಾಲು, ಮತ್ತೆ ತೆಗೆದು ನೋಡಿ.

ಮೂಡುಬಿದಿರೆ ಟೀಚರ್

ಒಂದು ನಿಮಿಷ, ಬಿಚ್ಚಬೇಡಿ. 1.05 ಮತ್ತು 4.22 ಎಂದಿರಲ್ಲ? ನಾನು ಏಳನೇ ಕ್ಲಾಸಿಗೆ ಈ ಲೆಕ್ಕ ಕೊಡುತ್ತೇನೆ. ಗಂಟೆಯ ಮುಳ್ಳು, ನಿಮಿಷದ ಮುಳ್ಳು ಒಂದರ ಮೇಲೊಂದು ಬರುವುದು ಯಾವಾಗ? 1ರ ನಂತರ 5 ನಿಮಿಷ 27 ಸೆಕೆಂಡಿಗೆ. 4ರ ನಂತರ 21 ನಿಮಿಷ 49 ಸೆಕೆಂಡಿಗೆ. ಎರಡು ಸಲವೂ ನಿಮ್ಮ ವಾಚು ಮುಳ್ಳುಗಳು ದಾಟುವ ಹೊತ್ತಿಗೇ ನಿಂತಿದೆ.

ಪೆಟ್ರೋಲ್ ಬಟ್ಟಲು

ಟೀಚರ್! ಮುಳ್ಳಿಗೆ ಮುಳ್ಳು ತಾಗುತ್ತಿದೆ. ನನಗೆ ಮೆಷಿನ್ ಮೇಲೇ ಕಣ್ಣು ಹೋಯಿತು. ಕಾಪುವಿನವರೇ, ವಾಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ಬೆಳಕು ಬಿಟ್ಟು ನೋಡಿ. ಎರಡು ಮುಳ್ಳಿನ ನಡುವೆ ಬೆಳಕಿನ ಗೆರೆ ಕಾಣಬೇಕು.

ಕಾಪು ಲೈಟ್‌ಹೌಸ್

ನೋಡಿದೆ. ತುದಿಯಲ್ಲಿ ಬೆಳಕೇ ಇಲ್ಲ. ನಾನು ಕೂರಿಸುವಾಗ ಗಂಟೆಯ ಮುಳ್ಳಿನ ತುದಿ ಮೇಲೆ ಬಾಗಿದೆ. ಮುಳ್ಳು ಹೊರಗೆ ತೆಗೆದು, ಗಾಜಿನ ತುಂಡಿನ ಮೇಲಿಟ್ಟು, ಹಲ್ಲುಕಡ್ಡಿಯಿಂದ ಮೆಲ್ಲ ಒತ್ತಿ ಸಪಾಟು ಮಾಡಿ ಮತ್ತೆ ಕೂರಿಸಿದೆ.

ಜನತಾಪ್ರಿಯ

ಹೇಗುಂಟು ಈಗ? ಮುಚ್ಚಳದಲ್ಲಿ ನಿಮ್ಮ ಗುರುತೂ ಹಾಕಿ. ಆದರೆ ಗೀಚಬೇಡಿ, ಮಾರ್ಕರ್ ಪೆನ್ನಿನಲ್ಲಿ ಬರೆಯಿರಿ.

ಪೆಟ್ರೋಲ್ ಬಟ್ಟಲು

ಮಾರ್ಕರ್ ಅಳಿಸಿ ಹೋಗುತ್ತದೆ ಮಾರಾಯ್ರೆ. ಸೂಜಿಯಲ್ಲೇ ಹಾಕಲಿ. ಆ ಮೂವರ ಸಾಲಿನ ಕೆಳಗೆ ಜಾಗ ಉಂಟಲ್ಲ.

ಕಾಪು ಲೈಟ್‌ಹೌಸ್

ಸಂಜೆ 4.22 ದಾಟಿತು. 5.27 ದಾಟಿತು. ಈಗ 6.40, ಓಡುತ್ತಾ ಉಂಟು. ಇವತ್ತು ರಾತ್ರಿಯ 12ನ್ನೂ ದಾಟಿದರೆ ನಾಳೆ ಸೂಜಿ ಹಿಡಿಯುತ್ತೇನೆ.